ಕಾಗೆ-ಹೂಜಿ ಪ್ರಯೋಗ: ಮೂರನೇ ಸಲ ನೀರು ಮೇಲೆ ಬಂತು!

ಕಲ್ಲು ಹಾಕಿ ಹೂಜಿಯ ನೀರು ಮೇಲೆ ತಂದ ಕಾಗೆಯ ಕಥೆ ನಿಜವಾ ಅಂತ ಮಾಡಿ ನೋಡುತ್ತಿದ್ದೆ. ನೀರು ಬಂತು, ಕೊನೆಗೂ ಬಂತು. ಆದರೆ ಕಾಗೆಯ ರೀತಿಯಲ್ಲಲ್ಲ.

ನನ್ನದು 2 ಲೀಟರಿನ ಮಣ್ಣಿನ ಹೂಜಿ. ಮೊದಲ ಸಲ ತಳದಲ್ಲಿ ಅರ್ಧ ಲೀಟರ್ ನೀರಿಟ್ಟು ಜಲ್ಲಿ ಹಾಕುತ್ತಾ ಹೋದೆ. 700 ಕಲ್ಲಿನವರೆಗೆ ಎಣಿಸಿ ಬಿಟ್ಟೆ. ಬಾಯಿವರೆಗೂ ಜಲ್ಲಿ ತುಂಬಿತು, ನೀರಿನ ಸುಳಿವೇ ಇಲ್ಲ. ಎಲ್ಲಾ ಸಂದಿನಲ್ಲಿ ಅಡಗಿ ಕೂತಿತ್ತು.

ಖಾಲಿ ಹೂಜಿಗೆ ಜಲ್ಲಿ ತುಂಬಿ, ಅಳೆದು ನೀರು ಸುರಿದೆ. 840 ಮಿ.ಲೀ. ಹಿಡಿಯಿತು! ಅಂದರೆ ನೂರಕ್ಕೆ 42 ಭಾಗ ಬರೀ ಸಂದು. ಅಷ್ಟು ನೀರು ಮೊದಲೇ ಇಲ್ಲದಿದ್ದರೆ ಕಾಗೆ ಎಷ್ಟು ಜಾಣತನ ತೋರಿಸಿದರೂ ದಂಡ. ಮೇಲಾಗಿ ಹೂಜಿ ತುಂಬಲು 3 ಕೆ.ಜಿ. ಜಲ್ಲಿ ಬೇಕು. ಊರುಕಾಗೆಯ ತೂಕ ಸುಮಾರು 300 ಗ್ರಾಂ. ಅಷ್ಟು ಹೊತ್ತರೆ ಬಾಯಾರಿಕೆ ಜಾಸ್ತಿಯೇ ಆಗುತ್ತದೆ, ಅಲ್ವಾ?

ಎರಡನೇ ಸಲ ರಾತ್ರಿಯೇ 900 ಮಿ.ಲೀ. ಹಾಕಿಟ್ಟು ಮಲಗಿದೆ. ಬೆಳಿಗ್ಗೆ ಜಲ್ಲಿ ಹಾಕಿದರೆ ನೀರು ಮೂರು ಬೆರಳು ಕೆಳಗೇ ನಿಂತಿತು. ಹೊಸ ಹೂಜಿ, ರಾತ್ರಿಯಿಡೀ ನೀರು ಕುಡಿದು ಹೊರಗೆ ಬೆವರಿತ್ತು. ತಂಪಿನ ಗುಟ್ಟೇ ಅದು, ನಾನೇ ಮರೆತಿದ್ದೆ.

ಜಲ್ಲಿ ಅಂಗಡಿಯವನ ಕಥೆ ಬೇರೆ. ಒಂದು ಬಕೆಟ್ ಕೇಳಿದ್ದಕ್ಕೆ "ಟ್ರ್ಯಾಕ್ಟರ್ ಲೋಡ್ ಇಳಿಸ್ಲಾ ಸಾರ್?" ಅಂದ. 12 ಎಂ.ಎಂ. ಅಂತ ಕೊಟ್ಟದ್ದರಲ್ಲಿ 20 ಎಂ.ಎಂ. ಬೆರೆತಿತ್ತು. ಒಂದು ಗಂಟೆ ಆರಿಸುತ್ತಾ ಕೂತೆ.

2009ರಲ್ಲಿ ಕೇಂಬ್ರಿಜ್‌ನಲ್ಲಿ ಕ್ರಿಸ್ಟೋಫರ್ ಬರ್ಡ್ (ಹೌದು, ಹೆಸರೇ ಬರ್ಡ್!) ಮತ್ತು ನೇಥನ್ ಎಮೆರಿ ಎಂಬ ವಿಜ್ಞಾನಿಗಳು ಕಾಗೆಯ ಬಳಗದ ರೂಕ್ ಹಕ್ಕಿಗಳ ಕೈಲಿ ಇದನ್ನೇ ಮಾಡಿಸಿದರು. ಪಾರದರ್ಶಕ ಕೊಳವೆ, ತೇಲುವ ಹುಳು, ಕೆಲವೇ ಕಲ್ಲು. ಹಕ್ಕಿಗಳು ದೊಡ್ಡ ಕಲ್ಲನ್ನೇ ಆರಿಸಿಕೊಂಡವಂತೆ. ನನಗಿಂತ ಜಾಣರು.

ಮೂರನೇ ಸಲ ಉಪಾಯ ಹೊಳೆದದ್ದು ಪಕ್ಕದ ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವುದನ್ನು (ಮೋಲ್ಡ್) ನೋಡಿ. ಮೇಸ್ತ್ರಿ ಬರೀ ಜಲ್ಲಿ ಹಾಕುತ್ತಾನಾ? ಸಂದು ತುಂಬಲು ಮರಳೂ ಬೇಕು. ಹೂಜಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ 560 ಮಿ.ಲೀ. ನೀರಿಟ್ಟು, ಒಂದು ಹಿಡಿ ಜಲ್ಲಿ, ಒಂದು ಹಿಡಿ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಆಮೇಲೆ ತಟ್ಟುವುದು. ಗುಳುಗುಳು ಗಾಳಿ ಬಂತು, ಹಿಂದೆಯೇ ಕೆಸರುನೀರು ಕಂಠದಲ್ಲಿ ಇಣುಕಿತು. ಕುಣಿದುಬಿಟ್ಟೆ.

ಮುಂದಿನದು ಪಂಚತಂತ್ರದ ಆಮೆ. ಎರಡು ಹಕ್ಕಿ, ನಡುವೆ ಕೋಲು. ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ತೂಗುವುದೇ 2-3 ಕೆ.ಜಿ., ಆಮೆಯನ್ನು ಎಷ್ಟು ಎತ್ತೀತು? ಬಿದಿರು ತಂದಿಟ್ಟಿದ್ದೇನೆ. ಬಾಗುವ ಲೆಕ್ಕ ಮೊದಲು.

ಅಷ್ಟರೊಳಗೆ ಹೂಜಿ ಖಾಲಿಯಾಗಬೇಕು. ಮರಳು-ಜಲ್ಲಿ ಕಂಠದಲ್ಲಿ ಕಚ್ಚಿಕೊಂಡು ಬಗ್ಗಿಸಿದರೂ ಬೀಳುತ್ತಿಲ್ಲ. ಅಮ್ಮ ಎರಡು ಸಲ ಕೇಳಿದ್ದಾಳೆ. ಉಪಾಯ ಗೊತ್ತಿದ್ದವರು ಹೇಳಿ, ಒಡೆಯೋದು ಬಿಟ್ಟು.