ಹೆಸರು ಅವಳದು, ಮನೆ ನಮ್ಮದು

ಕಳೆದ ಭಾನುವಾರ ವಿದ್ಯಾನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನನ್ನ ಭಾಮೈದ ಆಡಿದ ಒಂದು ಮಾತು ವಾರವಾದರೂ ಕಿವಿಯಿಂದ ಹೊರಟಿಲ್ಲ. ‘ಹೆಸರು ಅವಳದು ಭಾವ, ಮನೆ ನಮ್ಮದು’ ಎಂದ.

ಅವಳು ಎಂದರೆ ಬಾಲಿ ದ್ವೀಪದ ಒಬ್ಬ ಹುಡುಗಿ. ಬೆಂಗಳೂರಿನ ದಲ್ಲಾಳಿಯೊಬ್ಬ ಅಲ್ಲಿ ವಿಲ್ಲಾ ಕೊಡಿಸುತ್ತೇನೆಂದು ಇವನನ್ನು ಮೂರು ತಿಂಗಳಿಂದ ಬೆನ್ನು ಹತ್ತಿದ್ದಾನೆ; ದಾಖಲೆಯಲ್ಲಿ ಅವನ ಕಚೇರಿಯ ಹುಡುಗಿಯ ಹೆಸರು ಇರುತ್ತದೆ, ಅನುಭವ ಮಾತ್ರ ಇವನದಂತೆ. ನನ್ನ ಭಾಮೈದ ಚನ್ನಗಿರಿಯಲ್ಲಿ ತೋಟ ಇರುವವನು, ಅಡಿಕೆಯ ಧಾರಣೆಯಲ್ಲಿ ಒಂದು ರೂಪಾಯಿ ಆಚೀಚೆಯಾದರೂ ಮಾರುಕಟ್ಟೆಯಲ್ಲಿ ಜಗಳಕ್ಕೆ ನಿಲ್ಲುವವನು. ಆದರೆ ಎದುರಿನವನು ಇಂಗ್ಲಿಷಿನಲ್ಲಿ ಮಾತನಾಡಿ ಲ್ಯಾಪ್‌ಟಾಪ್ ತೆರೆದನೆಂದರೆ ಅವನ ವ್ಯವಹಾರಜ್ಞಾನವೆಲ್ಲ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿದ್ದ ನನ್ನ ತಂಗಿಯ ಮಗ, ಯಾವುದಕ್ಕೂ ಒಂದು ವಿಡಿಯೋ ನೋಡಿಕೊಂಡೇ ಬಂದಿರುವವನು, ‘ಇನ್ನೇನು ಉಳಿದಿದೆ ಮಾಮ, ಆ ಕಡೆಯ ದ್ವೀಪಗಳನ್ನೆಲ್ಲ ವಿದೇಶಿಯರು ಆಗಲೇ ಕೊಂಡಾಗಿದೆ’ ಎಂದು ಸೇರಿಸಿದ.

ಮೂವತ್ತು ವರ್ಷ ಪತ್ರಬರಹಗಾರನಾಗಿ ಉಪನೋಂದಣಿ ಕಚೇರಿಯ ಮುಂದೆ ಕುಳಿತವನಿಗೆ ಇಂಥ ಮಾತು ಕೇಳಿ ಸುಮ್ಮನಿರಲು ಆಗುವುದಿಲ್ಲ. ಮನೆಗೆ ಬಂದು ಎರಡು ರಾತ್ರಿ ಓದಿದೆ. ಇಂಡೋನೇಷ್ಯಾದ 1960ರ ಭೂ ಕಾಯ್ದೆಯ ಪ್ರಕಾರ ಜಮೀನಿನ ಪೂರ್ಣ ಒಡೆತನ ಅಲ್ಲಿಯ ಪ್ರಜೆಗಳಿಗೆ ಮಾತ್ರ. ಅದನ್ನು ಅವರು ‘ಹಕ್ ಮಿಲಿಕ್’ ಎನ್ನುತ್ತಾರೆ. ಅರಬ್ಬಿಯಿಂದ ನಮಗೆ ಬಂದ ಹಕ್ಕು ಮತ್ತು ಮಾಲೀಕ ಎಂಬ ಪದಗಳು ಸಮುದ್ರ ದಾಟಿ ಅಲ್ಲಿಯೂ ಅದೇ ಕೆಲಸ ಮಾಡುತ್ತಿರುವುದನ್ನು ಕಂಡು ಹಳೆಯ ಪರಿಚಿತರು ಸಿಕ್ಕಂತಾಯಿತು. ಅಲ್ಲಿ ವಾಸದ ಪರವಾನಗಿ ಪಡೆದ ವಿದೇಶಿಯನಿಗೆ ಸಿಗುವುದು ‘ಹಕ್ ಪಾಕೈ’, ಅಂದರೆ ಬಳಕೆಯ ಹಕ್ಕು. 2021ರ ನಿಯಮದಂತೆ ಮೊದಲು 30 ವರ್ಷ, ವಿಸ್ತರಿಸಿದರೆ 20, ನವೀಕರಿಸಿದರೆ ಮತ್ತೆ 30. ಅದಿಲ್ಲದವನಿಗೆ ಗೇಣಿಯ ಕರಾರು ಉಂಟು. ದಲ್ಲಾಳಿಯ ಮಾತಿನಲ್ಲಿ ನಿಜವಿದ್ದದ್ದು ಇಷ್ಟೇ. ಭಾರತದ ನಿವಾಸಿ ವರ್ಷಕ್ಕೆ 2,50,000 ಡಾಲರಿನವರೆಗೆ ಹೊರಗೆ ಕಳಿಸಬಹುದೆಂದು ಅವನು ಹೇಳಿದ್ದೂ ಸುಳ್ಳಲ್ಲ. ಆದರೆ ಹಣ ಹೊರಡಲು ಇಲ್ಲಿ ಅನುಮತಿ ಇದೆಯೆಂದ ಮಾತ್ರಕ್ಕೆ ಅಲ್ಲಿ ಜಮೀನು ಇವನದಾಗುವುದಿಲ್ಲ. ಅದೇ 1960ರ ಕಾಯ್ದೆಯ 26ನೇ ಕಲಮು, ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ವಿದೇಶಿಯನಿಗೆ ಒಡೆತನ ದಾಟಿಸುವ ವ್ಯವಹಾರ ಅನೂರ್ಜಿತವೆಂದೂ, ಆ ಜಮೀನು ಸರ್ಕಾರಕ್ಕೆ ಸೇರುತ್ತದೆಂದೂ, ಕೊಟ್ಟ ಹಣ ಹಿಂದಕ್ಕೆ ಬಾರದೆಂದೂ ಬರೆದಿಟ್ಟಿದೆ.

ಹುಡುಗನ ವಿಡಿಯೋ ಬೇರೆ ತೆರನ ಸುಳ್ಳು. 2022ರಲ್ಲಿ ಇಂಡೋನೇಷ್ಯಾದ ನೂರಕ್ಕೂ ಹೆಚ್ಚು ದ್ವೀಪಗಳ ವಿದಿ ಸಮೂಹ ಹರಾಜಿಗೆ ಬಂದಿದೆಯೆಂದು ಜಗತ್ತೆಲ್ಲ ಸುದ್ದಿಯಾಗಿತ್ತು. ವಾಸ್ತವದಲ್ಲಿ ಮಾರಾಟಕ್ಕಿಟ್ಟಿದ್ದು ಅಲ್ಲಿ ಪ್ರವಾಸಿ ತಾಣ ಕಟ್ಟುವ ಗುತ್ತಿಗೆ ಹಿಡಿದಿದ್ದ ಕಂಪನಿಯೊಂದರ ಪಾಲನ್ನೇ ಹೊರತು ದ್ವೀಪಗಳನ್ನಲ್ಲ. ಉಳಿದ ಕಡೆಯೂ ಹೀಗೆಯೇ. ಥಾಯ್ಲೆಂಡಿನ ಫುಕೆಟ್‌ನಲ್ಲಿ ವಿದೇಶಿಯರು ಅಪಾರ್ಟ್‌ಮೆಂಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ವಿಸ್ತೀರ್ಣದಲ್ಲಿ ಶೇ 49ಕ್ಕಿಂತ ಹೆಚ್ಚು ಅವರ ಪಾಲಾಗುವಂತಿಲ್ಲ, ನೆಲವಂತೂ ಇಲ್ಲ. ಶ್ರೀಲಂಕಾ 2014ರ ಕಾಯ್ದೆಯಿಂದ ವಿದೇಶಿಯರಿಗೆ ಜಮೀನು ವರ್ಗಾಯಿಸುವುದನ್ನು ನಿಲ್ಲಿಸಿತು. ಅಷ್ಟೇಕೆ, ಬಾಲಿಯಲ್ಲಿ ನೆಲೆಸಿದ ಆ ಹುಡುಗಿ ದಾವಣಗೆರೆಯಲ್ಲಿ ಒಂದು ನಿವೇಶನ ಕೊಳ್ಳುತ್ತೇನೆಂದು ಬಂದರೆ ನಮ್ಮ ವಿದೇಶಿ ವಿನಿಮಯ ಕಾನೂನು ಐದು ವರ್ಷ ಮೀರದ ಬಾಡಿಗೆಯನ್ನಷ್ಟೇ ಒಪ್ಪುತ್ತದೆ.

ಇಷ್ಟು ತಿಳಿದ ಮೇಲೂ ಆ ಮಾತು ಕಿವಿಯಲ್ಲಿ ಉಳಿದದ್ದಕ್ಕೆ ಕಾರಣ ಬೇರೆ. ‘ಹೆಸರು ಅವನದು, ಹೊಲ ನಮ್ಮದು’ ಎಂಬುದನ್ನು ನಾನು ನನ್ನ ಮೇಜಿನ ಮುಂದೆಯೇ ಎಷ್ಟೋ ಸಲ ಕೇಳಿದ್ದೇನೆ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲ ಅದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಬಿದ್ದುಹೋಗುವವರೆಗೆ ಕೃಷಿಕನಲ್ಲದವನು ಇಲ್ಲಿ ಹೊಲ ಕೊಳ್ಳುವಂತಿರಲಿಲ್ಲ. ಹರಿಹರದ ಕಡೆ ಕಾಲುವೆ ನೀರು ಬರುವ ನಾಲ್ಕು ಎಕರೆಗೆ ಆಸೆಪಟ್ಟ ಒಬ್ಬ ಜವಳಿ ವ್ಯಾಪಾರಿ ತನ್ನ ಗುಮಾಸ್ತನ ಹೆಸರಿಗೆ ಕ್ರಯ ಮಾಡಿಸಿದ. ಗುಮಾಸ್ತ ಕೃಷಿಕರ ಮನೆಯವನು. ಹಣ ಕೊಟ್ಟವರು ಯಜಮಾನರೇ ಎಂಬ ಒಳಕರಾರನ್ನು ಬರೆದುಕೊಟ್ಟವನು ನಾನು, ಅದಕ್ಕೆ ಮಾಮೂಲಿಗಿಂತ ಹೆಚ್ಚು ಕೂಲಿ ತೆಗೆದುಕೊಂಡವನೂ ನಾನೇ. ಏಳೆಂಟು ವರ್ಷಗಳ ಮೇಲೆ ಗುಮಾಸ್ತ ತೀರಿಕೊಂಡ. ಮಕ್ಕಳು ಪಹಣಿಗೆ ತಮ್ಮ ಹೆಸರು ಸೇರಿಸಿಕೊಂಡು ಭತ್ತ ನಾಟಿ ಮಾಡಿದರು. ಯಜಮಾನರು ನನ್ನ ಅಕ್ಷರದ ಆ ಕಾಗದ ಹಿಡಿದು ವಕೀಲರ ಬಳಿ ಹೋದರೆ, 1988ರ ಬೇನಾಮಿ ಕಾಯ್ದೆ ಬಂದ ಮೇಲೆ ‘ನಿಜವಾದ ಒಡೆಯ ನಾನು’ ಎಂದು ದಾವೆ ಹೂಡುವುದಕ್ಕೇ ದಾರಿಯಿಲ್ಲವೆಂಬ ಉತ್ತರ ಸಿಕ್ಕಿತು. ಅವರು ನನ್ನ ಮೇಲೆ ಕೂಗಾಡಲಿಲ್ಲ. ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟು ಹೋದರು. ಗುಮಾಸ್ತನ ಮಕ್ಕಳು ಮೋಸಗಾರರೆಂದು ಆಗ ಊರೆಲ್ಲ ಮಾತಾಡಿತು, ನಾನೂ ಮಾತಾಡಿದೆ. ಅಪ್ಪನ ಹೆಸರಿನ ಹೊಲವನ್ನು ಅಪ್ಪನದೆಂದು ನಂಬಿದ್ದರಲ್ಲಿ ಆ ಹುಡುಗರ ತಪ್ಪೇನಿತ್ತೆಂದು ಈಗ ಅನ್ನಿಸುತ್ತದೆ.

ಬುಧವಾರ ಭಾಮೈದ ಕರಾರಿನ ಕರಡನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಒಮ್ಮೆ ಕಣ್ಣಾಡಿಸಿ ಎಂದ. ಹನ್ನೊಂದು ಪುಟ. ಹಣ ಕೊಡುವವನ ಹೆಸರು, ವಿಳಾಸ, ಪಾಸ್‌ಪೋರ್ಟ್ ಸಂಖ್ಯೆಗಳೆಲ್ಲ ಸ್ಪಷ್ಟವಾಗಿದ್ದವು. ಒಡೆಯಳ ಹೆಸರು ಇರಬೇಕಾದ ಕಡೆ ಚುಕ್ಕೆಗಳ ಸಾಲಿತ್ತು. ಕಾಯ್ದೆ ಕಲಮುಗಳನ್ನು ಹೇಳುವ ಮೊದಲು ಫೋನು ಮಾಡಿ, ‘ಆ ಹುಡುಗಿಯ ಹೆಸರೇನಪ್ಪಾ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ‘ಅದನ್ನ ಮುಂಗಡ ಕೊಟ್ಟ ಮೇಲೆ ತುಂಬ್ತಾರಂತೆ ಭಾವ’ ಎಂದ.