ಸ್ಟೇಕ್ ಏರಿಸುವುದು ಯಾವಾಗ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಎನ್‌ಎಲ್10ರಲ್ಲಿ 300 ಡಾಲರ್ ಆಗಿದೆ ಮಾರಾಯ್ರೆ, ಇನ್ನು ಎನ್‌ಎಲ್25ಕ್ಕೆ ಹೋಗಬಹುದಾ?"

ಮಣಿಪಾಲ, ಸುರತ್ಕಲ್ ಕಡೆ ಓದಿ ಈಗ ಲಂಡನ್ನಿನಲ್ಲೋ ಟೊರೊಂಟೊದಲ್ಲೋ ಕೆಲಸಕ್ಕಿರುವ, ಆನ್‌ಲೈನ್ ಪೋಕರ್ ಆಡುವ ಹುಡುಗರು ಕೇಳುವ ಪ್ರಶ್ನೆ ಇದು. ಸ್ಟೇಕ್ ಎಂದರೆ ಟೇಬಲ್‌ನ ಪಣದ ಮಟ್ಟ; ಎನ್‌ಎಲ್10, ಎನ್‌ಎಲ್25 ಅಂಥ ಎರಡು ಮಟ್ಟ. ಊರಲ್ಲೇ ಇರುವವರೂ ಕೇಳುತ್ತಾರೆ. ಅವರಿಗೆ ಉತ್ತರ ಚಿಕ್ಕದು, ಅದನ್ನೇ ಮೊದಲು ಮುಗಿಸುತ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ಒದಗಿಸುವುದನ್ನೇ ನಿಷೇಧಿಸಿದೆ. ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದ ಅದರಲ್ಲಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಬ್ಯಾಂಕು, ಪಾವತಿ ಆ್ಯಪ್‌ಗಳು ಅದಕ್ಕೆ ಹಣ ದಾಟಿಸುವಂತಿಲ್ಲ. "2022ರಲ್ಲಿ ಹೈಕೋರ್ಟು ರದ್ದು ಮಾಡಿತ್ತಲ್ವಾ?" ಎನ್ನುವವರಿಗೆ: ಅಂದು ಬಿದ್ದದ್ದು ಪೊಲೀಸ್ ಕಾಯ್ದೆಗೆ ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿ. ಇದು ಬೇರೆಯೇ ಕಾನೂನು. ವಾಟ್ಸ್ಆ್ಯಪ್ "ಏಜೆಂಟ್" ಮೂಲಕ ಹೊರದೇಶದ ಸೈಟಿಗೆ ದುಡ್ಡು ಹಾಕಿದರೆ ಗೆದ್ದದ್ದು ಕೈಗೆ ಬರುವುದು ಅವನ ಮರ್ಜಿ, ಬಾರದಿದ್ದರೆ ದೂರು ಕೊಡಲು ಬಾಗಿಲಿಲ್ಲ. ಅಂಥ ಕಡೆ ಸ್ಟೇಕಿನ ಲೆಕ್ಕವೇ ಬೇಡ. ಊರಲ್ಲಿರುವವರು ದುಡ್ಡಿಲ್ಲದ ಚಿಪ್‌ಗಳಲ್ಲಿ ಆಡಿ ಲೆಕ್ಕ ಕಲಿಯಿರಿ.

ಇನ್ನು ಪರವಾನಗಿ ಇರುವ ಸೈಟಿನಲ್ಲಿ ಆಡಲು ಕಾನೂನು ಬಿಟ್ಟಿರುವ ಊರುಗಳಲ್ಲಿ ಇರುವವರಿಗೆ.

ಎನ್‌ಎಲ್10 ಎಂದರೆ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ದುಡ್ಡು) 5 ಮತ್ತು 10 ಸೆಂಟ್, ದೊಡ್ಡದು ಬಿಗ್ ಬ್ಲೈಂಡ್. ಪೂರ್ತಿ ಬೈ-ಇನ್, ಅಂದರೆ ಟೇಬಲ್‌ಗೆ ತರುವ ದುಡ್ಡು, 10 ಡಾಲರ್, ಅಂದರೆ 100 ಬಿಗ್ ಬ್ಲೈಂಡ್. 300 ಡಾಲರ್ ಅಲ್ಲಿ 30 ಬೈ-ಇನ್. ಅದೇ ದುಡ್ಡು ಎನ್‌ಎಲ್25ರಲ್ಲಿ ಬರೀ 12. ಎನ್‌ಎಲ್25ರಿಂದ 50ಕ್ಕೆ, 50ರಿಂದ 100ಕ್ಕೆ ಮೆಟ್ಟಿಲು ಎರಡು ಪಟ್ಟಿನದು. 10ರಿಂದ 25ಕ್ಕೆ ಎರಡೂವರೆ ಪಟ್ಟು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ.

ಆದರೆ 300 ಡಾಲರ್ ಇದೆ ಎಂಬುದಕ್ಕಿಂತ ಅದು ಎಷ್ಟು ಹ್ಯಾಂಡ್‌ಗಳಲ್ಲಿ (ಒಮ್ಮೆ ಎಲೆ ಹಂಚಿ ಆಡಿದರೆ ಒಂದು ಹ್ಯಾಂಡ್) ಬಂತು ಎಂಬುದು ಮುಖ್ಯ. ಮಲ್ಪೆಯಲ್ಲಿ ಒಂದು ದಿನ ಬಂಗುಡೆ ರಾಶಿ ಬಿತ್ತೆಂದು ಯಾರೂ ಮರುದಿನವೇ ಎರಡನೇ ಬೋಟಿಗೆ ಸಾಲ ತೆಗೆಯುವುದಿಲ್ಲ. ಜೂನ್, ಜುಲೈಯ ನಿಷೇಧದ ಎರಡು ತಿಂಗಳೂ ಸೇರಿ ಇಡೀ ವರ್ಷದ ಲೆಕ್ಕ ನೋಡುತ್ತಾರೆ. ಆರು ಜನರ ಹೋಲ್ಡೆಮ್ ಪೋಕರ್ ಟೇಬಲ್‌ನಲ್ಲಿ ಪ್ರತಿ 100 ಹ್ಯಾಂಡಿಗೆ ಫಲಿತಾಂಶದ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸುಮಾರು 100 ಬಿಗ್ ಬ್ಲೈಂಡ್. ನಿಮ್ಮ ಟ್ರ್ಯಾಕರ್, ಅಂದರೆ ಆಟದ ಲೆಕ್ಕ ಇಡುವ ಸಾಫ್ಟ್‌ವೇರ್, ನಿಮ್ಮದೇ ಸಂಖ್ಯೆ ತೋರಿಸುತ್ತದೆ, ಅದನ್ನೇ ಬಳಸಿ. ಅದನ್ನು 'ಹ್ಯಾಂಡ್ ಭಾಗಿಸು 100'ರ ವರ್ಗಮೂಲದಿಂದ ಭಾಗಿಸಿ. 10,000 ಹ್ಯಾಂಡಿಗೆ ಉತ್ತರ 10. ಎರಡೂ ಕಡೆ ಅದರ ಎರಡು ಪಟ್ಟು ಬಿಟ್ಟುಕೊಳ್ಳಿ. ಅಂದರೆ 100 ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಗೆಲ್ಲುತ್ತಿದ್ದೇನೆ ಎಂದು ಪರದೆ ತೋರಿಸಿದರೂ, ನಿಜವಾದ ದರ −15ರಿಂದ +25ರ ನಡುವೆ ಎಲ್ಲಾದರೂ ಇರಬಹುದು. 50,000ಕ್ಕೆ ಉತ್ತರ ಸುಮಾರು 4.5, ಒಂದು ಲಕ್ಷಕ್ಕೆ 3.2. ಲಕ್ಷ ಹ್ಯಾಂಡ್ ಆಡಿ 5 ಗೆದ್ದವನೂ ತಾನು ಗೆಲ್ಲುವ ಆಟಗಾರ ಎಂದು ಪೂರ್ತಿ ಖಚಿತವಾಗಿ ಹೇಳುವಂತಿಲ್ಲ! ಇದು ಯಾರಿಗೂ ಇಷ್ಟವಾಗದ ಲೆಕ್ಕ, ಆದರೂ ಲೆಕ್ಕ ಲೆಕ್ಕವೇ.

ಇನ್ನೊಂದು ಮೋಸ ಇದರೊಳಗೇ ಇದೆ. ಮೇಲೆ ಹೋಗುವ ಯೋಚನೆ ಬರುವುದೇ ಎಲೆ ಚೆನ್ನಾಗಿ ಬಿದ್ದ ವಾರದಲ್ಲಿ. ಹಾಗಾಗಿ ಆ ಹೊತ್ತಿಗೆ ಪರದೆಯಲ್ಲಿರುವ ದರ ನಿಜವಾದದ್ದಕ್ಕಿಂತ ಹೆಚ್ಚೇ ಇರುತ್ತದೆ. ನಾನಾದರೆ ಅದರ ಅರ್ಧವನ್ನು ಮಾತ್ರ ನಂಬುತ್ತೇನೆ.

ಅರ್ಧ ಮಾಡಲು ಇನ್ನೂ ಒಂದು ಕಾರಣ ಉಂಟು. ಮುಳುಗುವ ಅಪಾಯದ ಸೂತ್ರಕ್ಕೆ ಹಾಕಬೇಕಾದದ್ದು ಹೊಸ ಸ್ಟೇಕ್‌ನ ಗೆಲುವಿನ ದರ, ಹಳೆಯದಲ್ಲ. ದರ 5, ಏರುಪೇರು 100 ಇದ್ದರೆ 20 ಬೈ-ಇನ್ ಇಟ್ಟುಕೊಂಡವನು ಎಂದಾದರೂ ಪೂರ್ತಿ ಖಾಲಿಯಾಗುವ ಸಾಧ್ಯತೆ ಸುಮಾರು 13.5%, 30 ಇದ್ದರೆ 5%, 40 ಇದ್ದರೆ 2%ಕ್ಕಿಂತ ಕಡಿಮೆ. ದರ 2.5ಕ್ಕೆ ಇಳಿದರೆ 20 ಬೈ-ಇನ್‌ನವನ ಅಪಾಯ 37%ಕ್ಕೆ ಹಾರುತ್ತದೆ. ಮೊದಲಿನ 13.5%ಕ್ಕೆ ಬರಬೇಕಾದರೆ 40 ಬೈ-ಇನ್ ಬೇಕು. ದರ ಸೊನ್ನೆಯೋ ಅದಕ್ಕಿಂತ ಕೆಳಗೋ ಇದ್ದರೆ ಎಷ್ಟಿಟ್ಟರೂ ಒಂದು ದಿನ ಖಾಲಿ. "20 ಬೈ-ಇನ್ ಸಾಕು" ಎಂಬ ಹಳೆಯ ಮಾತು ಯಾರಿಗೆ ಅನ್ವಯ ಎಂದು ಹೇಳದೆ ಓಡಾಡುತ್ತಿದೆ. ಟೂರ್ನಮೆಂಟ್‌ನವರಿಗಂತೂ ಈ ಸಂಖ್ಯೆಗಳು ಯಾವುದಕ್ಕೂ ಸಾಲವು. ಅಲ್ಲಿ ದುಡ್ಡೆಲ್ಲ ಮೊದಲ ಕೆಲವು ಸ್ಥಾನಗಳಿಗೇ ಹೋಗುವುದರಿಂದ 100 ಬೈ-ಇನ್ ಕೂಡ ಕಡಿಮೆ.

ದರ ಇಳಿಯುವುದೇಕೆ? ಎನ್‌ಎಲ್10ರ ಲಾಭ ಬರುವುದು ಮುಖ್ಯವಾಗಿ 40/8 ಆಟಗಾರರಿಂದ, ಅಂದರೆ 100ರಲ್ಲಿ 40 ಹ್ಯಾಂಡಿಗೆ ದುಡ್ಡು ಹಾಕಿ ಎಂಟರಲ್ಲಿ ಮಾತ್ರ ರೇಸ್ ಮಾಡುವವರಿಂದ (ಪಣ ಏರಿಸುವವರಿಂದ). ಅವರು ಜೋಡಿ ಸಿಕ್ಕಿತೆಂದರೆ ರಿವರ್‌ವರೆಗೂ, ಅಂದರೆ ಕೊನೆಯ ಎಲೆಯವರೆಗೂ, ಕಾಲ್ (ಎದುರಾಳಿ ಹಾಕಿದಷ್ಟೇ ಹಾಕಿ ಮುಂದುವರಿಯುವುದು). ಮೇಲೆ ಹೋದಂತೆ ಅಂಥವರು ಕಡಿಮೆ, 24/20ರ ಆಸುಪಾಸಿನ ರೆಗ್ಯುಲರ್‌ಗಳು (ದಿನಾ ಆಡುವ ಪಳಗಿದವರು) ಜಾಸ್ತಿ. ನಿಮ್ಮ ಮೊದಲ ರೇಸ್ ಮೇಲೆ ಮತ್ತೆ ರೇಸ್ ಬರುವುದು ಹೆಚ್ಚುತ್ತದೆ. ರೇಕ್, ಅಂದರೆ ಪಾಟ್‌ನಿಂದ (ಸೇರಿದ ಪಣದಿಂದ) ಸೈಟು ಮುರಿದುಕೊಳ್ಳುವ ಪಾಲು, ಮಾತ್ರ ಸ್ವಲ್ಪ ನಿಮ್ಮ ಪರ: ಎನ್‌ಎಲ್10ರಲ್ಲಿ 4 ಡಾಲರ್ ಪಾಟ್‌ಗೆ 5% ಎಂದರೆ 20 ಸೆಂಟ್, ಎರಡು ಬಿಗ್ ಬ್ಲೈಂಡ್. ಎನ್‌ಎಲ್200ರಲ್ಲಿ ಅಂಥದ್ದೇ ಪಾಟ್ 80 ಡಾಲರ್. ಕ್ಯಾಪ್, ಅಂದರೆ ರೇಕ್‌ನ ಮಿತಿ, 3 ಡಾಲರ್ ಎಂದಿಟ್ಟುಕೊಂಡರೆ ಹೋಗುವುದು ಒಂದೂವರೆ ಬಿಗ್ ಬ್ಲೈಂಡ್. 10ರಿಂದ 25ಕ್ಕೆ ಈ ಲಾಭ ಅಷ್ಟಾಗಿ ಕಾಣದು.

ಹೋಗುವ ಮುಂಚೆ ಬಿಗ್ ಬ್ಲೈಂಡ್ ಸೀಟಿನ ಲೆಕ್ಕ ತೆಗೆದು ನೋಡಿ. ಅಲ್ಲಿ ಎಲ್ಲರೂ ಸೋಲುತ್ತಾರೆ. ಕಣ್ಣು ಮುಚ್ಚಿ ಪ್ರತಿ ಸಲ ಫೋಲ್ಡ್ ಮಾಡಿದರೂ (ಎಲೆ ಬಿಟ್ಟರೂ) ನಷ್ಟ 100 ಹ್ಯಾಂಡಿಗೆ 100 ಬಿಗ್ ಬ್ಲೈಂಡ್. ಒಳ್ಳೆಯ ಆಟಗಾರ ಅದನ್ನು ಅರ್ಧಕ್ಕಿಂತ ಕೆಳಗೆ ತರುತ್ತಾನೆ. ನಿಮ್ಮದು 60, 70ರಲ್ಲಿದ್ದರೆ ಮೇಲಿನ ಟೇಬಲ್‌ನವರು ಹರಿದು ಹಾಕುವುದು ಅಲ್ಲೇ.

ಹಾಗಾದರೆ 300 ಡಾಲರ್‌ನವನು? ನಿಲ್ಲಲಿ, 400 ಆಗಲಿ, ಹ್ಯಾಂಡ್ 50,000 ದಾಟಲಿ. ಆಮೇಲೆ ಮೂರು ಬೈ-ಇನ್, ಅಂದರೆ 75 ಡಾಲರ್, ಪಕ್ಕಕ್ಕಿಟ್ಟು ಎನ್‌ಎಲ್25 ನೋಡಲಿ. ಅದು ಹೋದರೆ ಉಳಿಯುವುದು 325, ಎನ್‌ಎಲ್10ರಲ್ಲಿ 32 ಬೈ-ಇನ್, ಆರಾಮ. ಈ ಇಳಿಯುವ ಗೆರೆಯನ್ನು ಏರುವ ಮೊದಲೇ ಬರೆದಿಡಬೇಕು. ಸೋತು ಕೂತಾಗ ಹಾಕುವ ಗೆರೆ ಯಾವತ್ತೂ ಇನ್ನೊಂದು ಬೈ-ಇನ್‌ನಷ್ಟು ಕೆಳಗೇ ಬೀಳುತ್ತದೆ. ಆ 75 ಡಾಲರ್‌ನ ತೂಕ ಎಷ್ಟು ಗೊತ್ತಾ? ಎನ್‌ಎಲ್10ರಲ್ಲಿ ದರ 5 ಎಂದರೆ 100 ಹ್ಯಾಂಡಿಗೆ 50 ಸೆಂಟ್. 75 ವಾಪಸು ಬರಲು 15,000 ಹ್ಯಾಂಡ್. ನಾಲ್ಕು ಟೇಬಲ್ ಇಟ್ಟು ಗಂಟೆಗೆ 300 ಆಡಿದರೆ 50 ಗಂಟೆ. ನಾಲ್ಕನೇ ಬೈ-ಇನ್ ಹಾಕಲು ಕೈ ಹೋದಾಗ ಈ 50 ಗಂಟೆ ನೆನಪಾದರೆ ಸಾಕು.

ಬಾಡಿಗೆ, ಊರಿಗೆ ಕಳಿಸುವ ದುಡ್ಡು ಈ ಲೆಕ್ಕದಲ್ಲಿ ಬರಲೇಬಾರದು. ಸಂಬಳದಿಂದ ತುಂಬಿಸಿ ತುಂಬಿಸಿ ಏರುವುದು ಏರುವುದೇ ಅಲ್ಲ.

ಮೊದಲ ಸಲ ನಾಲ್ಕೂ ಟೇಬಲ್ 25ರದ್ದು ತೆರೆಯಬೇಡಿ. ಮೂರು 10ರದ್ದು, ಒಂದೇ ಒಂದು 25ರದ್ದು, ಅದೂ ವಾರಾಂತ್ಯದ ರಾತ್ರಿ, ಹವ್ಯಾಸಿಗಳು ಕೂರುವ ಹೊತ್ತಲ್ಲಿ. 40/8 ಆಟಗಾರ ಒಬ್ಬನಾದರೂ ಇರುವ ಟೇಬಲ್ ಹುಡುಕಿ, ಆದರೆ ಅವನ ಎಡಗಡೆಯ ಸೀಟು ಹಿಡಿಯಿರಿ. ಅವನು ಏನು ಮಾಡಿದ ಎಂದು ನೋಡಿದ ಮೇಲೆ ನಿಮ್ಮ ಸರದಿ ಬರುತ್ತದೆ. ಅವನು ಎದ್ದು ಹೋದರೆ ಮುಂದಿನ ಬಿಗ್ ಬ್ಲೈಂಡ್ ಬರುವ ಮೊದಲು ನೀವೂ ಏಳಿ.