ಕೂತಾಗ ಚಕ್ಕರ್ ಬಂತೋ, ಎದ್ದಾಗ ಬಂತೋ?

ಮೆಡಿಕಲ್ ಶಾಪ್ ಕೌಂಟರ್ ಹಿಂದ ನಿಂತೋರಿಗೆ ಊರ ಮಂದಿ ಹೊಟ್ಟಿ ವಿಷಯ ಎಲ್ಲಾ ಗೊತ್ತಿರ್ತೈತಿ. ಡಾಕ್ಟರ್ ಮುಂದ ಹೇಳಾಕ ನಾಚ್ಕೊಳ್ಳೋ ಮಾತು ನಮ್ಮ ಮುಂದ ಹೇಳ್ತಾರ, ಅದೂ ಅಂಗಡ್ಯಾಗ ಬ್ಯಾರೆ ಗಿರಾಕಿ ಇಲ್ದಾಗ, ಸಣ್ಣ ದನಿಯಾಗ. ನಮ್ಮ ಸಿಂಧನೂರು ಕಡೆ ಬ್ಯಾಸಿಗಿ ಬಂತಂದ್ರ ಒಂದು ಮಾತು ಜಾಸ್ತಿ ಕೇಳ್ತೀನಿ: "ಸಂಡಾಸಕ್ಕ ಹೋದಾಗ ಚಕ್ಕರ್ ಬಂದಂಗ ಆಗ್ತೈತ್ರಿ, ವಾಕರಿಕಿ ಬರ್ತೈತಿ, ಗ್ಯಾಸಿಂದು ಒಂದು ಗುಳಗಿ ಕೊಡ್ರಿ."

ಕೊಡೋದೇನು ಸುಲಭ, ಶೀಟ್ ಕತ್ತರಿಸಿ ಕೈಗೆ ಇಟ್ರ ಆತು. ಆದ್ರ ನಾನು ಮೊದ್ಲು ಕೇಳೋದು ಒಂದ ಪ್ರಶ್ನಿ. ಯಾವಾಗ ಬಂತು? ಹೋಗೋಕಿಂತ ಮೊದ್ಲ ಹೊಟ್ಟಿ ಹಿಂಡಿದಾಗೋ, ಕೂತು ತಿಣುಕುವಾಗೋ, ಎಲ್ಲಾ ಮುಗಿಸಿ ಎದ್ದು ನಿಂತಾಗೋ? ಮಂದಿ ನಗ್ತಾರ, ಯಾವಾಗ ಬಂದ್ರೇನ್ ರೀ ಚಕ್ಕರ್ ಚಕ್ಕರ ಅಲ್ಲೇನು ಅಂತಾರ. ಆದ್ರ ಅದು ಬಂದ ಹೊತ್ತು ಗೊತ್ತಾದ್ರ ಅರ್ಧ ಕಾರಣ ಗೊತ್ತಾದಂಗ, ಡಾಕ್ಟರ್ ಹತ್ರ ಹೋದಾಗಲೂ ಬರೇ "ತಲಿ ತಿರುಗ್ತೈತಿ" ಅಂದ್ರ ಅವರು ಕಿವಿ ನೋಡ್ಬೇಕೋ ರಕ್ತ ನೋಡ್ಬೇಕೋ ಬಿಪಿ ನೋಡ್ಬೇಕೋ ಪಾಪ ಅವರಿಗೂ ತಿಳಿಯಂಗಿಲ್ಲ.

ತಿಣುಕೋದನ್ನ ತಗೊಳ್ರಿ. ಮಲ ಗಟ್ಟಿ ಆಗಿರ್ತೈತಿ, ಉಸಿರು ಬಿಗಿ ಹಿಡ್ದು ಮುಖ ಕೆಂಪಗ ಮಾಡ್ಕೊಂಡು ಜೋರು ಹಾಕ್ತೀವಲ್ಲ, ಆವಾಗ ಎದಿ ಒಳಗ ಒತ್ತಡ ಏರ್ತೈತಿ. ಆ ಒತ್ತಡಕ್ಕ ಹೊಟ್ಟಿ, ಕಾಲಿನಿಂದ ಹೃದಯಕ್ಕ ವಾಪಸ್ ಬರೋ ರಕ್ತ ಕಮ್ಮಿ ಆಗ್ತೈತಿ, ಬರೋದ ಕಮ್ಮಿ ಆದ ಮ್ಯಾಲೆ ಹೃದಯ ಹೊರಗ ಕಳಿಸೋದಾದ್ರೂ ಎಲ್ಲಿಂದ, ಬಿಪಿ ಇಳೀತೈತಿ. ತುಂಗಭದ್ರಾ ಎಡದಂಡೆ ಕಾಲುವಿ ನಂಬ್ಕೊಂಡೋರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ, ಮ್ಯಾಲೆ ನೀರು ಕಮ್ಮಿ ಬಿಟ್ರ ಮೊದ್ಲು ಒಣಗೋದು ಕೊನಿ ಭಾಗದ ಮಾನ್ವಿ, ಸಿರವಾರ ಕಡೆ ಹೊಲ. ಮೈಯಾಗ ಆ ಕೊನಿ ಭಾಗ ಅಂದ್ರ ತಲಿ. ಹಿಂಗ ಉಸಿರು ಕಟ್ಟಿ ಒತ್ತೋದಕ್ಕ ಡಾಕ್ಟರ್‌ಗಳು ವಲ್ಸಾಲ್ವಾ ಅಂತಾರ. ಇಟಲಿಯ ಆಂತೋನಿಯೋ ವಲ್ಸಾಲ್ವಾ ಅನ್ನೋ ವೈದ್ಯ 1704ರಾಗ ಕಿವಿ ಬಗ್ಗೆ ಬರೆದ ಗ್ರಂಥದಾಗ ಮೂಗು ಬಾಯಿ ಮುಚ್ಚಿ ಉಸಿರು ಒತ್ತೋ ಪದ್ಧತಿ ಹೇಳಿದ್ದ, ಪಾಪ ಅವ ಕಿವಿ ಸಲುವಾಗಿ ಹೇಳಿದ್ದು, ಅವನ ಹೆಸರು ಈಗ ಸಂಡಾಸ್‌ದಾಗ ಬಂದು ಕೂತೈತಿ.

ಇನ್ನ ಹೊಟ್ಟಿ ಹಿಂಡಿದಾಗ ಬರೋ ಚಕ್ಕರ್ ಬ್ಯಾರೆ. ಅದರಾಗ ವೇಗಸ್ ಅನ್ನೋ ನರದ ಕೈವಾಡ ಐತಿ. ಮಿದುಳಿನ ಬುಡದಿಂದ ಹೊಂಟು ಕುತ್ತಿಗಿ, ಎದಿ ದಾಟಿ ಹೊಟ್ಟಿ ತನಕ ಇಳಿಯೋ ನರ ಅದು, ಹೃದಯದ ಬಡಿತ ನಿಧಾನ ಮಾಡೋದೂ ಅದ, ಹೊಟ್ಟಿ ಕರುಳಿನ ಸುದ್ದಿ ಮ್ಯಾಲೆ ಒಯ್ಯೋದೂ ಅದ. ಕರುಳು ಜೋರು ಹಿಂಡಿದ್ರ, ಇಲ್ಲ ಗುದದ್ವಾರ ವಿಪರೀತ ಹಿಗ್ಗಿದ್ರ ಕೆಲವರಿಗೆ ಈ ನರ ಅತಿಯಾಗಿ ಕೆಲಸ ಮಾಡ್ತೈತಿ, ಬಡಿತ ಇಳೀತೈತಿ, ರಕ್ತನಾಳ ಸಡಿಲ ಆಗ್ತಾವ. ಮೊದ್ಲು ಆಕಳಿಕಿ, ತಣ್ಣನ ಬೆವರು, ಬಾಯಾಗ ನೀರು ಬಂದು ವಾಕರಿಕಿ, ಆಮ್ಯಾಲೆ ಕಿವಿ ಗುಂಯ್ ಅಂದು ಕಣ್ಣಿಗೆ ಕತ್ತಲಿ. ಮಂದಿ ಗ್ಯಾಸ್ ತಲಿಗೆ ಏರಿತು ಅಂತಾರಲ್ಲ, ಅದು ಬಹಳ ಸಲ ಇದ. ಗ್ಯಾಸ್ ಹೊಟ್ಟಿಯಿಂದ ತಲಿಗೆ ಏರಾಕ ದಾರೀನ ಇಲ್ಲ ಮಾರಾಯ್ರ. ಹೆಣ್ಮಕ್ಕಳಿಗೆ ಮುಟ್ಟಿನ ಹೊತ್ತಿನ್ಯಾಗ ಇದು ಜಾಸ್ತಿ, ಯಾಕಂದ್ರ ಗರ್ಭಕೋಶ ಹಿಂಡೋ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಕರುಳನ್ನೂ ಹಿಂಡ್ತೈತಿ, ಹೊಟ್ಟಿನೋವು, ಲೂಸ್ ಮೋಷನ್, ವಾಕರಿಕಿ ಮೂರೂ ಒಟ್ಟಿಗೆ. ಇದನ್ನ ಕೇಳಾಕ ಎಷ್ಟೋ ಮಂದಿ ಚೀಟಿ ಬರ್ದು ಸಣ್ಣ ಹುಡುಗರ ಕೈಯಾಗ ಕಳಿಸ್ತಾರ, ಆ ಹುಡುಗಗ ನಾನು ಯಾವಾಗ ಬಂತು ಅಂತ ಏನು ಕೇಳ್ಲಿ.

ನಮ್ಮ ಕಡೆ ನಾನು ನೋಡಿದಂಗ ಜಾಸ್ತಿ ಮಂದಿಗೆ ಬರೋದು ಎದ್ದು ನಿಂತಾಗ. ನಿಂತ ಕೂಡ್ಲೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟಿ, ಕಾಲಿನ ಕಡೆ ಇಳೀತೈತಿ, ಸಾಮಾನ್ಯವಾಗಿ ಮೈ ಕೆಲವು ಸೆಕೆಂಡಿನ್ಯಾಗ ರಕ್ತನಾಳ ಬಿಗಿ ಮಾಡಿ ಸರಿ ಮಾಡ್ಕೊಂತೈತಿ. ಕುಕ್ಕುರುಗಾಲಿನ್ಯಾಗ ಬಹಳ ಹೊತ್ತು ಕೂತು ದಢಕ್ಕನ ಎದ್ರ ಈ ಇಳಿತ ಇನ್ನೂ ಜೋರು. ಇದಕ್ಕ ನಮ್ಮ ಬಿಸಿಲು ಸೇರಿಸ್ರಿ. ಏಪ್ರಿಲ್ ಮೇ ತಿಂಗಳದಾಗ ರಾಯಚೂರು ಜಿಲ್ಲಾ 40 ಡಿಗ್ರಿ ದಾಟೋದು ಹೊಸಾದಲ್ಲ, ಬೆವರು ಹರಿದು ಮೈಯಾಗ ನೀರು ಕಮ್ಮಿ, ನೀರು ಕಮ್ಮಿ ಆದ್ರ ಮಲ ಗಟ್ಟಿ, ಗಟ್ಟಿ ಆದ್ರ ತಿಣುಕೋದು, ತಿಣುಕಿ ಎದ್ರ ಚಕ್ಕರ್, ಒಂದರ ಬಾಲ ಒಂದು ಹಿಡ್ಕೊಂಡು ಬರ್ತಾವ. ಮ್ಯಾಲೆ ಆ ಸಂಡಾಸ್ ಹೆಂಗಿರ್ತಾವ ನೋಡ್ರಿ, ಅಂಗಳದ ಮೂಲ್ಯಾಗ ನಾಲ್ಕು ಗ್ವಾಡಿ, ಮ್ಯಾಲೆ ತಗಡು, ಕಿಡಕಿ ಅಂದ್ರ ಅಂಗೈ ಅಷ್ಟು ಜಾಗ, ಮಧ್ಯಾಹ್ನ ಒಳಗ ಹೋದ್ರ ಹಬಿ ಹಿಡಿದಂಗ ಆಗ್ತೈತಿ. ಬಾಗಿಲಾ ಒಳಗ ತೆಗಿಯಂಗ ಇಟ್ಟಿರ್ತಾರ, ಇದಂತೂ ನನಗ ತಲಿ ಕೆಡೋ ವಿಷಯ. ಯಾರರ ಒಳಗ ಬಿದ್ರ ಅವರ ಮೈ ಬಾಗಿಲಿಗೆ ಅಡ್ಡ ಬಿದ್ದಿರ್ತೈತಿ, ಹೊರಗಿನಿಂದ ಎಷ್ಟು ದಬ್ಬಿದ್ರೂ ತೆಗಿಯಾಕ ಬರಂಗಿಲ್ಲ. ಹೊಸಾ ಮನಿ ಕಟ್ಟೋರು ದಯಮಾಡಿ ಹೊರಗ ತೆಗಿಯೋ ಬಾಗಿಲಾ ಇಡ್ರಿ, ಹಿಡ್ಕೊಂಡು ಏಳಾಕ ಗ್ವಾಡಿಗೆ ಒಂದು ಕಬ್ಬಣದ ರಾಡ್ ಹಾಕ್ಸ್ರಿ. ಮನ್ಯಾಗ ವಯಸ್ಸಾದೋರು ಇದ್ರ ಒಳಗ ಚಿಲಕ ಹಾಕಬ್ಯಾಡ ಅಂತ ಹೇಳ್ರಿ, ಹೊರಗ ಒಬ್ರು ಕೂಗಳತಿ ದೂರದಾಗ ಇದ್ರ ಸಾಕು.

ಒಬ್ಬ ಕಾಕಾ ಮಗನ ಜೋಡಿ ಬಂದಿದ್ರು, ಹಣಿ ಮ್ಯಾಲೆ ಪಟ್ಟಿ. ಗಾಯಕ್ಕ ಹಚ್ಚಾಕ ಮುಲಾಮ ಕೇಳಿದ್ರು.

"ಎಲ್ಲಿ ಬಿದ್ರಿ ಕಾಕಾ?"

"ಸಂಡಾಸ್‌ದಾಗ ತಮ್ಮಾ. ನಳ ಹಿಡ್ಕೊಂಡು ಎದ್ದೆ, ಆಮ್ಯಾಲೆ ಏನಾತು ನೆಪ್ಪಿಲ್ಲ. ಹೊಟ್ಟಿ ಸರಿ ಇರಲಿಲ್ಲ, ಅದಕ್ಕ ಆಗಿರಬೇಕು."

"ಗುಳಗಿ ಏನೇನು ತಗೊಂತೀರಿ?"

ಮಗ ಕಿಸೆದಾಗಿಂದ ಚೀಟಿ ತೆಗೆದು ಕೊಟ್ಟ. ಬಿಪಿಗೆ ಒಂದು, ಕಾಲು ಬಾವು ಇಳಿಯಾಕ ಮೂತ್ರ ಜಾಸ್ತಿ ಹೋಗ್ಸೋ ಗುಳಗಿ ಒಂದು, ಪ್ರೊಸ್ಟೇಟಿಗೆ ರಾತ್ರಿ ಟಾಮ್ಸುಲೋಸಿನ್. ಎದ್ದು ನಿಂತಾಗ ಬಿಪಿ ಬೀಳ್ಸೋ ಗುಣ ಮೂರಕ್ಕೂ ಐತಿ, ರಾತ್ರಿ ನುಂಗಿದ್ದು ನಸುಕಿನ್ಯಾಗ ಇನ್ನೂ ಕೆಲಸ ಮಾಡ್ತಿರ್ತೈತಿ, ಬಾಯಿಗೆ ಒಂದು ಗುಟುಕು ನೀರೂ ಹಾಕ್ದಂಗ ಎದ್ದು ಹೋಗ್ಯಾರ. ಹಂಗಂತ ಗುಳಗಿ ಬಿಡ್ರಿ ಅಂತ ನಾನು ಹೇಳಂಗಿಲ್ಲ, ಬಿಪಿ ಗುಳಗಿ ತಾವ ಬಿಟ್ಟು ಲಕ್ವಾ ಹೊಡಿಸ್ಕೊಂಡೋರನ್ನೂ ನೋಡೀನಿ. ಚೀಟಿ ಬರೆದ ಡಾಕ್ಟರ್ ಹತ್ರ ಹೋಗಿ ಎದ್ದಾಗ ಬಿದ್ದೆ ಅಂತ ಹೇಳಿದ್ರ ಅವರು ಡೋಸ್ ಅಥವಾ ಹೊತ್ತು ಬದಲಿ ಮಾಡ್ತಾರ. ಬಹಳ ವರ್ಷದ ಶುಗರ್ ಇದ್ದೋರಿಗೂ ಇದ ತೊಂದ್ರಿ, ಬಿಪಿ ಹಿಡಿದಿಡೋ ನರಗಳು ಸೋತಿರ್ತಾವ.

ಬೀಳೋಕಿಂತ ಮೊದ್ಲು ಮೈ ಸೂಚನೆ ಕೊಡ್ತೈತಿ, ಬೆವರು, ಮಬ್ಬು, ವಾಕರಿಕಿ. ಆವಾಗ ಎದ್ದು ಓಡಿ ಹೊರಗ ಬರಾಕ ನೋಡಬ್ಯಾಡ್ರಿ, ಬಹಳ ಮಂದಿ ಬೀಳೋದು ಅಲ್ಲೇ. ಮಾನ ಮರ್ಯಾದಿ ಆಮ್ಯಾಲೆ ನೋಡ್ಕೊಳ್ಳಾಕ ಬರ್ತೈತಿ, ನೆಲಕ್ಕ ಕುಂಡಿ ಊರಿ ಕೂತುಬಿಡ್ರಿ, ಜಾಗ ಇದ್ರ ಮಲಗ್ರಿ, ತೊಡಿ ಬಿಗಿ ಹಿಡ್ದು ಮುಷ್ಟಿ ಗಟ್ಟಿ ಹಿಚುಕ್ರಿ, ಅದು ಬಿಪಿ ಒಂಚೂರು ಎತ್ತಿ ಹಿಡೀತೈತಿ. ಯಾರರ ಬಿದ್ದೇ ಬಿಟ್ರ ಅಂಗಾತ ಮಲಗಿಸಿ ಕಾಲು ಮ್ಯಾಲೆ ಎತ್ರಿ, ವಾಂತಿ ಮಾಡ್ಕೊಂಡ್ರ ಮಗ್ಗಲಿಗೆ ತಿರುಗಿಸ್ರಿ. ನಮ್ಮ ಮಂದಿ ಮಾಡೋದು ಬರೋಬ್ಬರಿ ಉಲ್ಟಾ, ರಟ್ಟಿ ಹಿಡಿದು ಎಬ್ಬಿಸಿ ಕೂಡಿಸ್ತಾರ, ಬಾಯಾಗ ನೀರು ಹಾಕ್ತಾರ, ಮೂಗಿಗೆ ಉಳ್ಳಾಗಡ್ಡಿ, ಕೈಯಾಗ ಕೀಲಿ. ಕೂಡಿಸಿದ್ರ ತಲಿಗೆ ರಕ್ತ ಇನ್ನೂ ಕಮ್ಮಿ ಹೋಗ್ತೈತಿ, ಎಚ್ಚರ ಇಲ್ದೋರ ಬಾಯಾಗ ಹಾಕಿದ ನೀರು ಉಸಿರುನಾಳಕ್ಕ ಇಳೀಬಹುದು. ಬಿದ್ದೋರ ಕೈಕಾಲು ಕೆಲವು ಸೆಕೆಂಡ್ ಅದುರಬಹುದು, ಅಷ್ಟಕ್ಕ ಫಿಟ್ಸ್ ಅಂತ ತೀರ್ಮಾನ ಮಾಡಬ್ಯಾಡ್ರಿ, ಮಿದುಳಿಗೆ ರಕ್ತ ಕಮ್ಮಿ ಆದ್ರೂ ಹಂಗ ಆಗ್ತೈತಿ.

ಭೇದಿ ಹತ್ತಿ ಚಕ್ಕರ್ ಬಂದ್ರ ಲೆಕ್ಕ ಸರಳ, ನೀರು ಮತ್ತ ಉಪ್ಪು ಹೋಗೈತಿ, ವಾಪಸ್ ಹಾಕಬೇಕು. ದೊಡ್ಡ ಓಆರ್‌ಎಸ್ ಪಾಕಿಟ್ ಪೂರಾ 1 ಲೀಟರ್ ನೀರಿಗೆ, ಸಣ್ಣ ಪಾಕಿಟ್ 200 ಮಿಲಿಗೆ. ದೊಡ್ಡ ಪಾಕಿಟ್ ಅರ್ಧ ಒಂದು ಗ್ಲಾಸಿಗೆ ಸುರುವಿ ಕುಡಿಸೋರು ಅದಾರ, ಉಪ್ಪು ಸಕ್ರಿ ಜಾಸ್ತಿ ಆದ್ರ ಅದು ಒಳ್ಳೇದಲ್ಲ, ಅದರಾಗ ಸಣ್ಣ ಮಕ್ಕಳಿಗಂತೂ. ಜ್ಯೂಸ್ ತರ ಬರೋ ಡಬ್ಬಿ ಬಗ್ಗೆ ಜಗಳಾನೂ ಆಗ್ಯಾವ ನಮ್ಮ ಅಂಗಡ್ಯಾಗ, ಸರಿಯಾದ ಫಾರ್ಮುಲಾ ಇಲ್ದ ಡ್ರಿಂಕ್ ಮ್ಯಾಲೆ ಓಆರ್‌ಎಸ್ ಅಂತ ಬರಿಬಾರದು ಅಂತ 2025ರ ಅಕ್ಟೋಬರ್‌ದಾಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಪಾಕಿಟ್ ಸಿಗಲಿಲ್ಲಂದ್ರ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ರಿ, ಅರ್ಧ ಟೀ ಚಮಚ ಉಪ್ಪು, ಚಮಚ ತಲಿ ಸವರಿ ಹಾಕ್ರಿ.

ಒಂದು ವಿಷಯದಾಗ ಮಾತ್ರ ನಾನು ಗುಳಗಿ ಕೊಡೋದ ಇಲ್ಲ, ಸೀದಾ ದವಾಖಾನಿಗೆ ಕಳಿಸ್ತೀನಿ. ಭತ್ತದ ನಾಟಿ ಮಾಡೋರು, ರೈಸ್ ಮಿಲ್ ಹಮಾಲರು ಸೊಂಟನೋವು ಮೈಕೈ ನೋವು ಅಂತ ಡೈಕ್ಲೋಫೆನಾಕ್ ತರದ ನೋವಿನ ಗುಳಗಿ ಖಾಲಿ ಹೊಟ್ಟ್ಯಾಗ ದಿನಾ ನುಂಗ್ತಾರ, ಅದು ಜಠರದಾಗ ಹುಣ್ಣು ಮಾಡಿ ರಕ್ತ ಸೋರಿಸ್ಬಹುದು. ಆವಾಗ ಮಲ ಡಾಂಬರಿನಂಗ ಕರ್ರಗ, ಅಂಟಂಟು, ಕೆಟ್ಟ ನಾತ. ಕಬ್ಬಿಣದ ಗುಳಗಿ ತಗೊಂಡ್ರೂ ಮಲ ಕಪ್ಪಾಗ್ತೈತಿ ಖರೆ, ಆದ್ರ ಕರ್ರನ ಮಲದ ಜೋಡಿ ಚಕ್ಕರ್, ಸುಸ್ತು, ಎದಿ ಡವಡವ ಇದ್ರ ಕಬ್ಬಿಣದ್ದಿರಬೇಕು ಅಂತ ಮನ್ಯಾಗ ಕೂರಬ್ಯಾಡ್ರಿ. ಎದಿನೋವು, ಉಸಿರು ಕಟ್ಟೋದು, ಒಂದು ಕಡೆ ಕೈಕಾಲು ಬೀಳೋದು, ತಿಣುಕುವಾಗ ಸಿಡಿಲು ಹೊಡಿದಂಗ ತಲಿನೋವು, ಏನೂ ಸೂಚನೆ ಇಲ್ದ ದಪ್ಪನ ಬೀಳೋದು, ಬಸುರಿ ಹೆಣ್ಮಗಳು ಬಿದ್ದದ್ದು, ಇವಕ್ಕೂ 108.

ತಿಣುಕೋದ ತಪ್ಪಿಸಬೇಕಂದ್ರ ದೊಡ್ಡ ಔಷಧ ಏನೂ ಬೇಕಿಲ್ಲ. ಕಾಲುವಿ ನೀರು ಬಂದ ಮ್ಯಾಲೆ ನಮ್ಮ ಕಡೆ ತಾಟಿನ್ಯಾಗ ಜ್ವಾಳದ ರೊಟ್ಟಿ ಸಣ್ಣದಾತು, ಬಿಳೇ ಅನ್ನ ದೊಡ್ಡದಾತು, ಸಂಜಿಕೆ ಮಿರ್ಚಿ ಮಂಡಕ್ಕಿ. ಮಂಡಕ್ಕಿ ಬಿಡ್ರಿ ಅಂದ್ರ ನನ್ನ ಮಾತು ನಾನ ಕೇಳಂಗಿಲ್ಲ, ಆದ್ರ ರೊಟ್ಟಿ ಜೋಡಿ ಪುಂಡಿಪಲ್ಲೆ, ಕಾಳುಪಲ್ಲೆ ಹೆಚ್ಚು ಮಾಡ್ರಿ, ನೀರು ಕುಡೀರಿ. ಇಸಬ್‌ಗೋಲ್ ತಗೊಂಡ್ರ ದೊಡ್ಡ ಗ್ಲಾಸ್ ನೀರಿನ ಜೋಡಿ, ಇಲ್ಲಂದ್ರ ಅದು ಇನ್ನೂ ಗಟ್ಟಿ ಕಟ್ಟಿ ಕೂಡ್ತೈತಿ. ಮೊಬೈಲ್ ಹಿಡ್ಕೊಂಡು ಒಳಗ ಹೋಗಬ್ಯಾಡ್ರಿ, ಅರ್ಧ ತಾಸು ಕೂತು ರೀಲ್ಸ್ ನೋಡಿ ಎದ್ರ ಮೂಲವ್ಯಾಧೀನೂ ಬರ್ತೈತಿ ಚಕ್ಕರೂ ಬರ್ತೈತಿ.

ಮತ್ತ ಮತ್ತ ಹಿಂಗ ಆಗೋರು ಡಾಕ್ಟರ್ ಹತ್ರ ಹೋದಾಗ ಕೂತಾಗಿನ ಬಿಪಿ ಒಂದ ನೋಡಿಸ್ಕೊಂಡು ಬರಬ್ಯಾಡ್ರಿ. ಐದು ನಿಮಿಷ ಮಲಗಿದ ಮ್ಯಾಲೆ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕ ಒಮ್ಮೆ, 3 ನಿಮಿಷಕ್ಕ ಒಮ್ಮೆ ನೋಡ್ರಿ ಅಂತ ಬಾಯಿಬಿಟ್ಟು ಕೇಳ್ರಿ. ಮ್ಯಾಲಿನ ಅಂಕಿ 20, ಇಲ್ಲ ಕೆಳಗಿನದು 10 ಇಳಿದಿದ್ರ ಗ್ಯಾಸಿನ ಗುಳಗಿ ಕೇಳ್ಕೊಂಡು ನಮ್ಮ ಅಂಗಡಿಗೆ ಬರೋ ಅಗತ್ಯ ಇಲ್ಲ, ಚೀಟಿ ಬದಲಿ ಮಾಡಿಸ್ಕೊಂಡು ಬರ್ರಿ.